ಎತ್ತು ಕುಂತ ಮಂತ್ರ

ಸ್ಟೆಲ್ಲಾ, ವಿನೋದ, ಹೋದ ತಿಂಗಳು ನಿಮ್ಮ ಚಿಕ್ಕಮ್ಮನ ಮಗುವಿನ ಜ್ಞಾನಸ್ನಾನ ಚರ್ಚಿನಲ್ಲಿ ನಡೆಯುವಾಗ ನಾನು ನಡುವೆಯೇ ಎದ್ದು ಹೊರಗೆ ಹೋದದ್ದನ್ನು ನೀವಿಬ್ಬರೂ ನೋಡಿದಿರಿ. ಬಿಸಿಲಿಗೆ ತಲೆ ತಿರುಗಿತಾ ಅಜ್ಜಿ ಎಂದು ಕೇಳಿದಿರಿ, ನಾನು ಹೂಂ ಎಂದೆ. ತಲೆ ತಿರುಗಿರಲಿಲ್ಲ. ಮಗುವಿನ ನೆತ್ತಿಯಿಂದ ಜಾರಿದ ನೀರು ಕಲ್ಲಿನ ಬೋಗುಣಿಗೆ ತೊಟ್ಟಿಕ್ಕಿದ ಸದ್ದು ಕೇಳಿತು, ಅಷ್ಟೇ. ಆ ಸದ್ದು ಕೇಳಿದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾಕೆಂದು ಬಾಯಲ್ಲಿ ಹೇಳುವುದು ನನ್ನಿಂದಾಗದು. ನಿಮ್ಮ ತಾತ ಇದ್ದಾಗ ಅವರಿಗೂ ಹೇಳಲಿಲ್ಲ. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಬರೆಯುತ್ತೇನೆ.

ಸಾರಥಿಯಲ್ಲಿ ಆಗ ನಮ್ಮ ಕ್ರೈಸ್ತ ಜನರದು ಮೂರೇ ಮನೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಗೂಡಿನಲ್ಲಿ ಮಾತೆಯ ಪಟ, ಅದರ ಮುಂದೆ ಹರಳೆಣ್ಣೆಯ ದೀಪ. ಆ ಎಣ್ಣೆಯ ಜಿಡ್ಡು ವಾಸನೆ ನಮ್ಮ ಕೂದಲಲ್ಲೂ ಹೊದಿಕೆಯಲ್ಲೂ ಇರುತ್ತಿತ್ತು. ಶನಿವಾರ ಮಾತ್ರ ಅದರ ಜೊತೆಗೆ ಹತ್ತಿಯ ವಾಸನೆ ಸೇರುತ್ತಿತ್ತು, ಯಾಕೆಂದರೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ ಅಪ್ಪ ವಾರಕ್ಕೊಮ್ಮೆ ಅವತ್ತೇ ಬರುತ್ತಿದ್ದದ್ದು. ಅವನ ಹುಬ್ಬಿನಲ್ಲಿ ಸಿಕ್ಕಿಕೊಂಡ ಬಿಳಿ ಎಳೆಗಳನ್ನು ಅವ್ವ ಬೆರಳಿನಿಂದ ಹೆಕ್ಕುತ್ತ, "ಗಿರಣಿನಾ ಮನೀಗೆ ಹೊತ್ಕೊಂಡು ಬರ್ತೀರಲ್ಲ" ಎನ್ನುವಳು. ಭಾನುವಾರ ನಸುಕಿಗೆ ಎದ್ದು ಹೊಳೆಯ ದಂಡೆ ಹಿಡಿದು ಹರಿಹರದ ಗುಡಿಗೆ, ಚರ್ಚಿಗೆ ನಾವು ಅನ್ನುತ್ತಿದ್ದದ್ದು ಹಾಗೆಯೇ, ಪೂಜೆಗೆ ನಡೆಯುತ್ತಿದ್ದೆವು. ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಮೊದಲು ಏನೂ ತಿನ್ನುವ ಹಾಗಿರಲಿಲ್ಲ. ಅವ್ವನ ಬುತ್ತಿಯಿಂದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ದಾರಿಯುದ್ದಕ್ಕೂ ಮುಂದೆ ಮುಂದೆ ಹೋಗುತ್ತಿತ್ತು, ನಾವು ಹಸಿದ ಹೊಟ್ಟೆಯಲ್ಲಿ ಅದರ ಹಿಂದೆ.

ಪೂಜೆ ಆಗೆಲ್ಲ ಲ್ಯಾಟಿನ್ನಿನಲ್ಲಿ. ಸ್ವಾಮಿಗಳು ನಮಗೆ ಬೆನ್ನು ಮಾಡಿ ನಿಂತು ಹೇಳುತ್ತಿದ್ದರು; ಹಾಡಿನ ಪೂಜೆಯಿದ್ದ ದಿನ ನಾವು ಮಕ್ಕಳು ಉತ್ತರ ಹಾಡಬೇಕಿತ್ತು. ಅದನ್ನು ಕಲಿಸಲು ಉಪದೇಶಿ ರಾಯಪ್ಪನವರು ಹರಿಹರದಿಂದ ಸೈಕಲ್ಲಿನಲ್ಲಿ ವಾರಕ್ಕೊಂದು ದಿನ ಬರುತ್ತಿದ್ದರು. ಜ್ಞಾನೋಪದೇಶದ ಪ್ರಶ್ನೋತ್ತರವನ್ನೂ ಅವರೇ ಬಾಯಿಪಾಠ ಮಾಡಿಸುತ್ತಿದ್ದರು. ತೆಳ್ಳಗಿನ ಮನುಷ್ಯ, ಮಾತು ಮಾತಿಗೂ ನಶ್ಯ. ಸ್ವಾಮಿಗಳು ಹಾಡಿದ ಮೇಲೆ ನಾವು 'ಎತ್ ಕುಂ ಸ್ಪಿರಿತು ತುವೊ' ಅನ್ನಬೇಕೆಂದು ಸ್ಲೇಟಿನ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರೆ, ನಮ್ಮ ಬಾಯಲ್ಲಿ ಅದು 'ಎತ್ತು ಕುಂತು ಸ್ಪಿರಿತು ತುವೊ' ಆಗುತ್ತಿತ್ತು. ರಾಯಪ್ಪನವರು ಸ್ಲೇಟು ಕೆಳಗಿಟ್ಟು ಹಣೆ ಹಿಡಿದುಕೊಳ್ಳುವರು. "ಎತ್ತಲ್ರೋ, ಎತ್, ಎತ್. ನಿಮ್ಮ ಎತ್ತು ಹಟ್ಟ್ಯಾಗ ಕಟ್ಟಿ ಬರ್ರಿ." ಪಕ್ಕದ ಮನೆಯ ಸೆಲಿನಿ ಸುಮ್ಮನಿರುವವಳಲ್ಲ. "ನಿಂತರ ಕಾಲು ನೋಯ್ತಾವ್ರಿ, ಕುಂದ್ರಲಿ ಬಿಡ್ರಿ" ಎಂದಳು. ಎಲ್ಲರೂ ನಕ್ಕರು, ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಕ್ರಿಸ್ಮಸ್ಸಿನ ಗೋದಲಿಯಲ್ಲಿ ಬಾಲಯೇಸುವಿನ ಪಕ್ಕ ಕುಳಿತ ಎತ್ತಿನ ವಿಷಯವೇ ಅದೆಂದು ನಾನು ನಂಬಿದ್ದೆ. ಕೇಳಲು ನಾಚಿಕೆ. ಬಾಗಿಲ ಹತ್ತಿರ ಕೂರುತ್ತಿದ್ದೆ, ಹೆಸರು ಕರೆದರೆ ಸೆಲಿನಿಯ ಬೆನ್ನ ಹಿಂದೆ ಸರಿಯುತ್ತಿದ್ದೆ. "ಲೂರ್ದಿ, ನಿನ್ನ ಬಾಯಿಗೆ ಬೀಗ ಹಾಕ್ದೋರು ಯಾರವ್ವ?" ಎಂದು ರಾಯಪ್ಪನವರು ಕೇಳಿ ಮುಂದಿನವರತ್ತ ತಿರುಗುವರು.

ಸಾಯುವ ಕೂಸಿಗೆ ಸ್ವಾಮಿಗಳಿಲ್ಲದಾಗ ಯಾರಾದರೂ ಜ್ಞಾನಸ್ನಾನ ಕೊಡಬಹುದೆಂದು ಕಲಿಸಿದವರೂ ಅವರೇ. ತಲೆಯ ಮೇಲೆ ನೀರು ಹರಿಯಬೇಕು, ಹರಿಯುವಾಗಲೇ ಹೇಳಬೇಕು: ಪಿತನ ಸುತನ ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ. "ಲ್ಯಾಟಿನ್ನಾಗ ಅನಬೇಕೇನ್ರಿ?" ಎಂದು ಸೆಲಿನಿ ಕೇಳಿದಳು. "ಕನ್ನಡದಾಗ ಅಂದ್ರ ಸಾಕು" ಎಂದರು. ಆ ನೀರು ಬೀಳದೆ ಸತ್ತ ಕೂಸುಗಳನ್ನು ಆಗಿನ ಪದ್ಧತಿಯಂತೆ ಸಮಾಧಿ ತೋಟದ ಗೋಡೆಯ ಹೊರಗೆ ಹೂಳುತ್ತಿದ್ದರು. ಜಾಲಿ ಗಿಡದ ಕೆಳಗಿನ ಆ ಸಣ್ಣ ಗುಡ್ಡೆಗಳನ್ನು ನಾನು ನೋಡಿದ್ದೆ. ಅವುಗಳ ಮೇಲೆ ಶಿಲುಬೆ ಇರಲಿಲ್ಲ, ಆಡು ಮೇಯುತ್ತಿದ್ದವು.

ನನಗೆ ಒಂಬತ್ತೋ ಹತ್ತೋ ವರ್ಷ. ಒಂದು ಮಂಗಳವಾರ ಬೆಳಿಗ್ಗೆ ಅವ್ವನಿಗೆ ದಿನ ತುಂಬುವ ಮೊದಲೇ ನೋವು ಬಂತು. ಅಪ್ಪ ಗಿರಣಿಯಲ್ಲಿ, ನೆರೆಯವರು ಹೊಲದಲ್ಲಿ. ಸೂಲಗಿತ್ತಿ ಗಂಗವ್ವನನ್ನು ನಾನೇ ಓಡಿಹೋಗಿ ಕರೆತಂದೆ. ಗಂಡು ಕೂಸು. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಂದು ಸಲ ಕುಂಯ್ ಎಂದಿತು. ಅವ್ವನಿಗೆ ಎಚ್ಚರ ತಪ್ಪಿತ್ತು. ಗಂಗವ್ವ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಳು. "ಇದು ಉಳಿಯಂಗ ಕಾಣಾಕಿಲ್ಲ ಮಗಾ. ನಮ್ಮ ಕೂಸಾಗಿದ್ರ ಲಿಂಗ ಕಟ್ಟಿ ಕೈ ಮುಗಿತಿದ್ದೆ. ನಿಮ್ಮಾಗ ನೀರು ಹಾಕೋದೈತಂತಲ್ಲ, ಹಾಕಿಬಿಡು. ನಾ ನಿಮ್ಮವ್ವನ್ನ ನೋಡ್ಕೋಬೇಕು."

ತಂಬಿಗೆ ತಂದೆ. ಇಲ್ಲಿ ನಾನು ಸರಿಯಾಗಿ ಬರೆಯಬೇಕು. ಕನ್ನಡದ ಆ ಮಾತು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ವರ್ಷ ಇದು ನನ್ನನ್ನು ಹೀಗೆ ಕಾಡುತ್ತಿರಲಿಲ್ಲ. ಅಷ್ಟೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಕನ್ನಡ ನಾವು ಎಮ್ಮೆಗೆ ಬೈಯುವ, ಮೆಣಸಿನಕಾಯಿಗೆ ಚೌಕಾಸಿ ಮಾಡುವ ಮಾತು. 'ಸಾಕು' ಎಂದಿದ್ದರು ರಾಯಪ್ಪನವರು, ನನ್ನ ತಮ್ಮನಿಗೆ ಸಾಕಾಗುವಷ್ಟೇ ಕೊಡಲು ನನಗೆ ಮನಸ್ಸು ಬರಲಿಲ್ಲ. ದೇವರು ನಿಜವಾಗಿ ಕೇಳಿಸಿಕೊಳ್ಳುವ ಮಾತು ಬೇಕಿತ್ತು. ಲ್ಯಾಟಿನ್ನಿನಲ್ಲಿ ನನಗೆ ತಡವರಿಸದೆ ಬರುತ್ತಿದ್ದದ್ದು ಒಂದೇ ಸಾಲು. ಅವನ ನೆತ್ತಿಯ ಮೇಲೆ ನೀರು ಹರಿಸುತ್ತ, ಗುಡಿಯ ರಾಗದಲ್ಲೇ ಮೆಲ್ಲಗೆ ಹಾಡಿದೆ: ಎತ್ತು ಕುಂತು ಸ್ಪಿರಿತು ತುವೊ. ನೀರು ಕೆಳಗಿನ ಹಿತ್ತಾಳೆ ತಟ್ಟೆಗೆ ತೊಟ್ಟಿಕ್ಕಿತು. ಅವನು ಕಣ್ಣು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಹೋದ.

ಗಂಗವ್ವ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ ಸುದ್ದಿಗೆ ಅಪ್ಪ ಸಂಜೆಗೆ ಬಂದ. ಮರುದಿನ ಬೆಳಿಗ್ಗೆ ಕೂಸನ್ನು ಬುಟ್ಟಿಯಲ್ಲಿಟ್ಟುಕೊಂಡು ಅಪ್ಪನೂ ನಾನೂ ಹರಿಹರಕ್ಕೆ ನಡೆದೆವು. ಅಪ್ಪ ದಾರಿಯಲ್ಲಿ ಕೇಳಿದ್ದು ಒಂದೇ: "ನೀರು ಹಾಕ್ದೆಲ್ಲವ್ವ?" ಹೂಂ ಎಂದೆ. ಸ್ವಾಮಿಗಳು ಮಂಗಳೂರಿನ ಕಡೆಯವರು, ಪುಸ್ತಕದಂತೆ ಮಾತಾಡುವವರು. ಗುಡಿಯ ಜಗುಲಿಯಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. ಪಕ್ಕದಲ್ಲಿ ರಾಯಪ್ಪನವರು. "ನೀರು ಹರಿಯಿತೇ ಮಗಳೇ?" ತಲೆಯಾಡಿಸಿದೆ. "ಏನು ಹೇಳಿದೆ?" ನಾನು ನೆಲ ನೋಡಿದೆ. "ಈಕಿ ಬಾಯಿ ಬಿಡಂಗಿಲ್ಲ ಸ್ವಾಮಿ, ಆದ್ರ ಎಲ್ಲಾ ಬರ್ತೈತೆ" ಎಂದರು ರಾಯಪ್ಪನವರು. ಅವರ ದನಿಯಲ್ಲಿ ಅಷ್ಟೊಂದು ನಂಬಿಕೆಯೇನೂ ಇರಲಿಲ್ಲ. "ಅವಳೇ ಹೇಳಬೇಕು. ನೀನು ಹೇಳಿದ ಮಾತು ಯಾವುದು?" ಅಪ್ಪ ಬುಟ್ಟಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಗೋಡೆಯಾಚೆಯ ಜಾಲಿ ಗಿಡ ನನಗೆ ಅಲ್ಲಿಂದ ಕಾಣುತ್ತಿತ್ತು. ನಾನು ತಲೆಯೆತ್ತಿ, ಪಿತನ ಸುತನ ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಒಂದಕ್ಷರ ತಪ್ಪದೆ ಹೇಳಿದೆ. ಬದುಕಿನಲ್ಲಿ ಇನ್ಯಾವ ಪ್ರಶ್ನೆಗೂ ನಾನು ಅಷ್ಟು ಸರಿಯಾದ ಉತ್ತರ ಕೊಟ್ಟಿಲ್ಲ. ರಾಯಪ್ಪನವರ ಕಣ್ಣು ತುಂಬಿತು. ಸ್ವಾಮಿಗಳು ಜ್ಞಾನಸ್ನಾನ ಬರೆದಿಡುವ ದೊಡ್ಡ ಪುಸ್ತಕ ತೆಗೆದು ಹೆಸರು ಕೇಳಿದರು. ಅಪ್ಪ ತನ್ನ ತಂದೆಯ ಹೆಸರು ಹೇಳಿದ, ಇನ್ನಾಸಪ್ಪ. ತಮ್ಮನನ್ನು ಗೋಡೆಯ ಒಳಗೆ ಮಲಗಿಸಿದೆವು.

ಆಮೇಲೆ ನಾನು ಊರಿನ ನಮ್ಮ ಜನರಲ್ಲಿ ದೊಡ್ಡ ಹೆಸರಿನವಳಾದೆ. ಅವ್ವ ಬಂದವರಿಗೆಲ್ಲ ಹೇಳುವಳು: "ನಮ್ಮ ಲೂರ್ದಿ ಇಲ್ದಿದ್ರ ನನ್ನ ಕೂಸು ಗ್ವಾಡೆ ಹೊರಗ ಇರ್ತಿತ್ತು." ನವೆಂಬರಿನ ಸತ್ತವರ ಹಬ್ಬಕ್ಕೆ ಆ ಪುಟ್ಟ ಗುಡ್ಡೆಯ ಮೇಲೆ ಮೇಣದ ಬತ್ತಿ ಹಚ್ಚುವ ಹಕ್ಕು ನನ್ನದೇ ಆಯಿತು. ಸೆಲಿನಿಯ ಅಕ್ಕನ ಕೂಸು ನೀಲಿಗಟ್ಟಿದಾಗಲೂ "ಲೂರ್ದಿನ ಕರೀರಿ" ಎಂದರು. ಹೋದೆ, ಕನ್ನಡದಲ್ಲೇ ಹೇಳಿದೆ. ಆ ಕೂಸು ಬದುಕಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಪಾಪನಿವೇದನೆಗೆ ಹೋದಾಗಲೆಲ್ಲ ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಮೊಣಕಾಲೂರುತ್ತಿದ್ದೆ. ಬೆಲ್ಲ ಕದ್ದದ್ದು, ಅವ್ವನಿಗೆ ಎದುರಾಡಿದ್ದು ಹೇಳಿ ಎದ್ದು ಬರುತ್ತಿದ್ದೆ. ನಾಚಿಕೆಯೊಂದೇ ಅಲ್ಲ. ಹೇಳಿದರೆ ಅವನನ್ನು ಅಗೆದು ತೆಗೆದು ಜಾಲಿ ಗಿಡದ ಕೆಳಗೆ ಹಾಕುತ್ತಾರೆ ಎಂದು ಹೆದರಿದ್ದೆ.

ನನ್ನ ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಪೂಜೆ ಕನ್ನಡಕ್ಕೆ ಬಂತು. ಸ್ವಾಮಿಗಳು ನಮ್ಮ ಕಡೆ ಮುಖ ಮಾಡಿ "ಸರ್ವೇಶ್ವರನು ನಿಮ್ಮೊಡನೆ ಇರಲಿ" ಎಂದರು, ಸುತ್ತಲಿನವರು ಚೀಟಿ ನೋಡಿಕೊಂಡು "ನಿಮ್ಮ ಆತ್ಮದೊಡನೆಯೂ ಇರಲಿ" ಎಂದರು. ನಾವು ಎತ್ತು ಕುಂತು ಎಂದು ಹಾಡುತ್ತಿದ್ದ ಜಾಗ ಅದೇ, ಹಾಗಾಗಿ ಅದರ ಅರ್ಥ ನನಗೆ ತಿಳಿಯಿತು. ಎತ್ತು ಎಲ್ಲೂ ಕುಳಿತಿರಲಿಲ್ಲ. ನಿನ್ನ ಆತ್ಮದೊಡನೆಯೂ ಇರಲಿ ಎಂದಿದ್ದೆ ನನ್ನ ತಮ್ಮನಿಗೆ. ಕೆಟ್ಟ ಮಾತಲ್ಲ. ಒಂದೆರಡು ದಿನ ಸಮಾಧಾನವಾಯಿತು. ಆಮೇಲೆ ಪಾತ್ರೆ ತೊಳೆಯುತ್ತಿರುವಾಗ ಹೊಳೆಯಿತು, ಅದು ಉತ್ತರ. ಯಾರಾದರೂ ಮೊದಲು ಹರಸಿದರೆ ತಾನೇ ಉತ್ತರ ಹೇಳುವುದು. ಆ ಕೂಸು ನನಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ಆ ಒಂದು ಕುಂಯ್, ಅಷ್ಟೇ.

ರಾಯಪ್ಪನವರು ಹೋದರು, ಅಪ್ಪ ಹೋದ. ಅವ್ವ ಕೊನೆಯ ದಿನಗಳಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದು, "ಇನ್ನಾಸಿ ಅಲ್ಲಿ ದೇವರ ಹತ್ರ ಇರ್ತಾನಲ್ಲ, ನೀನ ಕಳಿಸಿದ್ದು" ಎಂದಳು. "ಇರ್ತಾನವ್ವ" ಎಂದೆ. ಬೇರೆ ಏನು ಹೇಳಬೇಕಿತ್ತು, ನೀವೇ ಹೇಳಿ. ಸಾರಥಿಯ ಆ ಮೂರು ಮನೆ ಈಗಿಲ್ಲ, ನಾನು ಹೋಗಿ ನೋಡಿದಾಗ ಒಲೆಯಿದ್ದ ಜಾಗದಲ್ಲಿ ಮೆಕ್ಕೆಜೋಳ ನಿಂತಿತ್ತು. ಸಮಾಧಿ ತೋಟದ ಹಳೆಯ ಗೋಡೆಯೂ ಬಿದ್ದುಹೋಗಿದೆ. ಒಳಗಿನ ಮಣ್ಣು ಯಾವುದು, ಹೊರಗಿನದು ಯಾವುದು ಎಂದು ತೋರಿಸಲು ನನಗೂ ಆಗುವುದಿಲ್ಲ. ಜ್ಞಾನಸ್ನಾನವಿಲ್ಲದೆ ಹೋದ ಕೂಸುಗಳನ್ನು ದೇವರ ಕರುಣೆಗೇ ಒಪ್ಪಿಸುತ್ತೇವೆ, ಹೊರಗಿಡುವುದಿಲ್ಲ ಎಂದು ಈಗಿನ ಚಿಕ್ಕ ವಯಸ್ಸಿನ ಸ್ವಾಮಿಗಳು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಇರಬಹುದು. ಇನ್ನು ಯಾರೂ ಅವನನ್ನು ಅಗೆದು ತೆಗೆಯುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಹರಿಹರದ ಆ ದೊಡ್ಡ ಪುಸ್ತಕದಲ್ಲಿ ಇರುವುದು ನಾನು ಸ್ವಾಮಿಗಳಿಗೆ ಹೇಳಿದ್ದು. ನನ್ನ ತಮ್ಮನಿಗೆ ಹೇಳಿದ್ದು ಇರುವುದು ಇದರಲ್ಲಿ ಮಾತ್ರ.