ಅಳತೆ ತಪ್ಪಿದ ಗೌನು

ಟೈಲರಮ್ಮನ ಮಗಳು ಈ ಹದಿನಾರು ವರ್ಷಗಳಲ್ಲಿ ಎಷ್ಟು ಜನರ ಬಟ್ಟೆ ತೊಟ್ಟಿದ್ದಾಳೆ ಎಂದು ಕೇಳಿದರೆ ಅವಳಿಗೇ ನೆನಪಿಲ್ಲ. ಬೇರೆ ಅಂಗಡಿಗಳಲ್ಲಿ ಹೊಲಿದ ಬಟ್ಟೆ ತೊಡಿಸಿ ನೋಡಲು ಒಂದು ಗೊಂಬೆ ಇರುತ್ತದೆ. ಈ ಅಂಗಡಿಯಲ್ಲಿ ಇವಳಿದ್ದಳು. ಮೂಲೆಯಲ್ಲಿ ಒಂದು ಮೋಟು ಸ್ಟೂಲು. ಅದರ ಮೇಲೆ ನಿಂತು, ಯಾರದೋ ಗೌನನ್ನು ತೊಟ್ಟು, ದೊಗಳೆಯಾದರೆ ಬೆನ್ನಿಗೆ ಕ್ಲಿಪ್ಪು ಹಾಕಿಸಿಕೊಂಡು, ಬಿಗಿಯಾದರೆ ಬೆನ್ನು ತೆರೆದಿಟ್ಟುಕೊಂಡು, ಅಮ್ಮ ಅಂಚು ಗುರುತು ಹಾಕಿ ಮುಗಿಸುವವರೆಗೆ ಮಿಸುಕಾಡದೆ ಇರಬೇಕು. ಅಮ್ಮನ ತುಟಿಗಳ ನಡುವೆ ಸದಾ ಏಳೆಂಟು ಗುಂಡುಪಿನ್ನು. "ಹೂಂ" ಎಂದರೆ ತಿರುಗು, "ಉಹೂಂ" ಎಂದರೆ ಅಲ್ಲಾಡಬೇಡ. ತಾಯಿ ಮಗಳ ಮಾತುಕತೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತಿತ್ತು.

ಬೀದಿಯ ಅರ್ಧ ಹೆಂಗಸರ ಅಳತೆ ಅಮ್ಮನ ಉದ್ದನೆಯ ಪುಸ್ತಕದಲ್ಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಪುಟ. ಹುಡುಗಿ ಒಮ್ಮೆ ಮೊದಲ ಪುಟದಿಂದ ಕೊನೆಯವರೆಗೂ ಹುಡುಕಿದ್ದಳು. ತನ್ನ ಪುಟ ಇರಲಿಲ್ಲ. ಅಮ್ಮ ಅವಳ ಮೈಗೆ ಟೇಪು ಹಿಡಿದದ್ದೇ ಇಲ್ಲ. ಉಳಿದ ಬಟ್ಟೆಯಲ್ಲಿ ಕಣ್ಣಂದಾಜಿಗೆ ಏನೋ ಹೊಲಿದು ಮಂಚದ ಮೇಲೆ ಇಟ್ಟುಬಿಡುತ್ತಿದ್ದಳು. ಅದು ಸರಿಯಾಗಿಯೇ ಇರುತ್ತಿತ್ತು, ಆ ಮಾತು ಬೇರೆ. ಆದರೆ ಹದಿನಾರರ ಹುಡುಗಿಗೆ ಇಲ್ಲದ ಪುಟವೇ ದೊಡ್ಡದಾಗಿ ಕಂಡರೆ ತಪ್ಪೇನು?

ಅವಳ ಎತ್ತರ ಐದು ಅಡಿ ಒಂಬತ್ತು ಇಂಚು. ಕಾಲೇಜಿನಲ್ಲಿ ಅವಳ ಹೆಸರು ಏಣಿ. "ಏಣಿ, ಆ ಫ್ಯಾನಿನ ಧೂಳು ಒರೆಸೇ" ಎನ್ನುವುದು ಕ್ಲಾಸಿನ ಹಳಸಲು ಜೋಕು. ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ನಗದಿದ್ದರೆ ಹೊಸ ಜೋಕು ಹುಟ್ಟುತ್ತದಲ್ಲ! ಮನೆಗೆ ಬಂದು ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತಾಗ ಮಾತ್ರ ನಗು ಬರುತ್ತಿರಲಿಲ್ಲ. ಅಗಲ ಭುಜ, ಉದ್ದ ಕೈ. ಇಷ್ಟೊಂದು ಮೈ ಬೇಕೆಂದು ಯಾರು ಕೇಳಿದ್ದರು ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

ಅಪ್ಪ ಬಸ್ ಕಂಡಕ್ಟರ್. ದಿನಕ್ಕೆ ನೂರಾರು ಜನರ ಜೊತೆ ಮಾತಾಡಿ, ಸಾಲದೆಂದು ಮನೆಗೆ ಬಂದು ಇನ್ನಷ್ಟು ಮಾತಾಡುತ್ತಿದ್ದ ಮನುಷ್ಯ. ನಾಲ್ಕು ತಿಂಗಳ ಹಿಂದೆ, ಒಂದು ಬೆಳಿಗ್ಗೆ, "ಈ ಮನೇಲಿ ಮಿಷನ್ ಸದ್ದು ಬಿಟ್ರೆ ಇನ್ನೊಂದು ಸದ್ದಿಲ್ಲ. ನನಗೆ ಹುಚ್ಚು ಹಿಡಿಯುತ್ತೆ," ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟ. ಜಗಳವೂ ಆಗಲಿಲ್ಲ. ಜಗಳಕ್ಕೆ ಇಬ್ಬರು ಬೇಕು. ಅಮ್ಮ ಅವನನ್ನು ಬಾಗಿಲವರೆಗೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಮಿಷನ್ ತುಳಿದಳು. ಹುಡುಗಿ ಆ ದಿನದಿಂದ ಅಮ್ಮನನ್ನು ಪೂರ್ತಿ ಕ್ಷಮಿಸಿರಲಿಲ್ಲ.

ಕಳೆದ ಭಾನುವಾರ ಅಪ್ಪ ಬಸ್ ಡಿಪೋ ಕ್ಯಾಂಟೀನಿನಲ್ಲಿ ಅವಳಿಗೆ ಟೀ ಕೊಡಿಸಿ ವಿಷಯ ತೆಗೆದ.

"ಪುಟ್ಟಾ, ಎರಡು ರೂಮಿನ ಮನೆ ಸಿಕ್ಕಿದೆ. ಒಂದು ನಿನಗೆ. ಕಿಟಕಿ ರಸ್ತೆ ಕಡೆಗಿದೆ. ನನ್ನ ಜೊತೆ ಬಂದುಬಿಡು."

"ಅಮ್ಮ?"

"ಅಮ್ಮನಿಗೆ ನಾನು ಹೇಳ್ತೀನಿ. ನೀನು ಯೋಚನೆ ಮಾಡಿ ಬರೋ ಭಾನುವಾರ ಹೇಳು. ಬಲವಂತ ಇಲ್ಲ."

ಬಲವಂತ ಬೇಕಾಗಿಯೂ ಇರಲಿಲ್ಲ. ಅವಳ ಮನಸ್ಸು ಆಗಲೇ ಆ ಕಿಟಕಿಯ ಹತ್ತಿರ ಹೋಗಿ ಕೂತಿತ್ತು. ಅಪ್ಪನ ಜೊತೆ ಇದ್ದರೆ ಮಾತು ಇರುತ್ತದೆ, ಸ್ಟೂಲು ಇರುವುದಿಲ್ಲ. ಇನ್ನೊಂದು ಕಾರಣವನ್ನು ಅವಳು ಅಪ್ಪನಿಗೆ ಹೇಳಲಿಲ್ಲ: ಅಪ್ಪನ ಹೊಸ ಮನೆಯ ಬೀದಿಯಲ್ಲೇ ಸ್ಟೇಷನರಿ ಅಂಗಡಿಯವರ ಮನೆ, ಅವರ ಮಗ ಅವಳ ಕ್ಲಾಸಿನವನು.

ಕ್ಲಾಸಿನಲ್ಲಿ ಅವಳನ್ನು ಏಣಿ ಎಂದು ಕರೆಯದ ಒಬ್ಬನೇ ಹುಡುಗ ಅವನು. ಎರಡು ತಿಂಗಳಿಂದ ಕಾಲೇಜು ಬಿಟ್ಟ ಮೇಲೆ ಬಸ್ ಸ್ಟಾಪಿನವರೆಗೂ ಜೊತೆಗೆ ಬರುತ್ತಿದ್ದ. "ನಿನ್ನ ಅಕ್ಷರ ಎಷ್ಟು ಚೆನ್ನಾಗಿದೆ" ಎಂದಿದ್ದ ಒಂದು ಸಲ. ಅಷ್ಟಕ್ಕೇ ಅವಳು ಉಬ್ಬಿಹೋಗಿ, ಮನೆಗೆ ಬಂದು ಹಳೆಯ ನೋಟ್ಸನ್ನೆಲ್ಲ ಮತ್ತೆ ಬರೆದಿದ್ದಳು. ನಡೆಯುವಾಗ ಅವನು ಯಾವಾಗಲೂ ಫುಟ್‌ಪಾತಿನ ಮೇಲೆ, ಇವಳು ರಸ್ತೆಯ ಮೇಲೆ. ವಾಹನಗಳು ಮೈಗೆ ತಾಗುವಷ್ಟು ಹತ್ತಿರ ಹೋದರೂ ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಪ್ರೀತಿ ಎಂದರೆ ಕಣ್ಣಿಗೆ ಕಟ್ಟಿದ ಬಟ್ಟೆಯೇ ಸರಿ.

ಬುಧವಾರ ಕಾಲೇಜಿನ ಮೆಟ್ಟಿಲ ಮೇಲೆ ಗ್ರೂಪ್ ಫೋಟೋ. ಅದು ಮುಗಿದ ಮೇಲೆ ಹುಡುಗ ತನ್ನ ಮೊಬೈಲನ್ನು ಗೆಳೆಯನ ಕೈಗೆ ಕೊಟ್ಟು, "ನಮ್ಮಿಬ್ಬರದೂ ಒಂದು ತೆಗಿಯೋ," ಎಂದ. ಎಲ್ಲರ ಎದುರಿಗೆ, ಇಬ್ಬರೇ!

"ಒಂದು ಮೆಟ್ಟಿಲು ಕೆಳಗೆ ನಿಂತ್ಕೋ," ಎಂದ ಅವನು. ನಿಂತಳು.

"ಇನ್ನೂ ಸ್ವಲ್ಪ ಬಗ್ಗು. ಮಂಡಿ ಮಡಚಿದ್ರೆ ಗೊತ್ತಾಗಲ್ಲ." ಮಡಚಿದಳು.

"ಹಾಂ, ಈಗ ಜೋಡಿ ಸರಿಯಾಗಿದೆ."

ಅವನು ಕೆಟ್ಟ ಹುಡುಗನಲ್ಲ. ಅವನ ದನಿಯಲ್ಲಿ ಕುಹಕವೂ ಇರಲಿಲ್ಲ. ಆದರೆ ಸಂಜೆ ಆ ಫೋಟೋ ಅವಳ ಮೊಬೈಲಿಗೆ ಬಂದಾಗ, ಅದರಲ್ಲಿ ಅವನು ನೆಟ್ಟಗೆ ನಿಂತು ನಗುತ್ತಿದ್ದ. ಪಕ್ಕದಲ್ಲಿ ಕುತ್ತಿಗೆಯನ್ನು ಭುಜದೊಳಗೆ ತುರುಕಿಕೊಂಡು, ಹೊಟ್ಟೆನೋವು ಬಂದವಳ ಹಾಗೆ ಒಬ್ಬ ಹುಡುಗಿ ನಗಲು ನೋಡುತ್ತಿದ್ದಳು. ಅದು ತಾನು ಎಂದು ಒಪ್ಪಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಫುಟ್‌ಪಾತಿನ ಗುಟ್ಟೂ ಆಗಲೇ ಹೊಳೆಯಿತು: ತಾನು ಗಿಡ್ಡ ಕಾಣಬಾರದೆಂದೇ ಅವನು ಅದರ ಮೇಲೆ ನಡೆಯುತ್ತಿದ್ದ. ಯಾರಿಗಾದರೂ ಹೇಳಿಕೊಂಡು ಅಳಬೇಕೆನಿಸಿತು. ಅಪ್ಪ ಡ್ಯೂಟಿಯಲ್ಲಿದ್ದ. ಗೋಡೆಯಾಚೆ ಮಿಷನ್ ಒಂದೇ ಸಮನೆ ಓಡುತ್ತಿತ್ತು.

ಆ ವಾರ ಇನ್ನೊಂದು ವಿಚಿತ್ರ ನಡೆದಿತ್ತು. ಅಮ್ಮ ಅವಳನ್ನು ಸ್ಟೂಲಿಗೆ ಕರೆಯಲೇ ಇಲ್ಲ. ಹಲ್ಲಿನ ಡಾಕ್ಟರಮ್ಮನ ಮಗಳಿಗೆ ಹಾಡಿನ ಸ್ಪರ್ಧೆಗೆಂದು ಕಡುನೀಲಿ ಗೌನು ಹೊಲಿಯುತ್ತಿದ್ದಳು. ಕೆಳಗೆ ಅಷ್ಟು ಅಗಲವಾಗಿ ಹರಡುವ ಗೌನಿಗೆ ಗೊಂಬೆ ಬೇಕೇ ಬೇಕು. ಆದರೂ ಕರೆಯಲಿಲ್ಲ, ಮುಖವೆತ್ತಿ ನೋಡಲೂ ಇಲ್ಲ. ಗೊಂಬೆಯಾಗಿಯೂ ನಾನು ಬೇಡವಾದೆ ಎಂದುಕೊಂಡಳು ಹುಡುಗಿ. ಹಾಗಿದ್ದ ಮೇಲೆ ಭಾನುವಾರ ಏನು ಹೇಳಬೇಕೆಂದು ಯೋಚಿಸುವುದೇನಿತ್ತು? ಹೊರಡುವುದೇ ಎಂದು ತೀರ್ಮಾನಿಸಿ ಮಲಗಿದಳು.

ಶುಕ್ರವಾರ ಸಂಜೆ ಡಾಕ್ಟರಮ್ಮನ ಮಗಳು ಗೌನು ತೊಟ್ಟು ನೋಡಲು ಬಂದಳು. ಪರದೆಯ ಹಿಂದಿನಿಂದ ಅವಳು ಹೊರಬಂದಳು. ಅವಳು ಗುಬ್ಬಚ್ಚಿಯಷ್ಟು, ಗೌನು ಅವಳನ್ನು ನುಂಗಿ ನೀರು ಕುಡಿದಿತ್ತು. ಭುಜಗಳು ತೋಳಿನ ಮೇಲೆ ಜಾರಿದ್ದವು, ಅಂಚು ಒಂದು ಗೇಣು ನೆಲದ ಮೇಲೆ ಹರಡಿತ್ತು.

"ಆಂಟೀ, ಇದು ಯಾರದ್ದು?" ಎಂದಳು ಅವಳು, ಅಳುಮುಖ ಮಾಡಿಕೊಂಡು.

ಇಪ್ಪತ್ತು ವರ್ಷದಲ್ಲಿ ಟೈಲರಮ್ಮನ ಕತ್ತರಿ ಬೆರಳಗಲ ಆಚೀಚೆ ಹೋದದ್ದಿಲ್ಲ. ಅವಳು ಪುಸ್ತಕ ತೆರೆದು ಪುಟದ ಮೇಲೆ ಬೆರಳಿಟ್ಟು ನೋಡಿದಳು. ಅಳತೆ ಸರಿಯಾಗಿಯೇ ಬರೆದಿತ್ತು. ಕತ್ತರಿಸಿದ್ದು ಮಾತ್ರ ಬೇರೆ. "ತಪ್ಪಾಯ್ತಮ್ಮ. ಅಂಥದ್ದೇ ಬಟ್ಟೆ ತಂದು ಬುಧವಾರದೊಳಗೆ ಹೊಲಿದುಕೊಡ್ತೀನಿ. ಅಮ್ಮನಿಗೆ ಹೇಳು," ಎಂದು ಅವಳನ್ನು ಕಳಿಸಿ, ಗೌನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಿಚ್ಚಲಿಲ್ಲ, ಬಯ್ದುಕೊಳ್ಳಲಿಲ್ಲ.

"ಕೊಡು ಇಲ್ಲಿ," ಎಂದಳು ಮಗಳು. ಎಲ್ಲಿ ಎಷ್ಟು ತೆಗೆದರೆ ಸರಿಹೋದೀತೆಂದು ನೋಡಲು ಯಾರಾದರೂ ಅದನ್ನು ತೊಡಬೇಕಿತ್ತಷ್ಟೇ. ಅಮ್ಮ ಅಭ್ಯಾಸಬಲದಿಂದ ಪಿನ್ನುಗಳನ್ನು ತುಟಿಗೆ ಸಿಕ್ಕಿಸಿಕೊಂಡಳು, ಮಗಳೂ ಅಭ್ಯಾಸಬಲದಿಂದ ಗೌನು ತೊಟ್ಟು ಸ್ಟೂಲು ಹತ್ತಿದಳು. ಕ್ಲಿಪ್ಪಿನ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು. ಕ್ಲಿಪ್ಪು ಎಲ್ಲೂ ಬೇಕಿರಲಿಲ್ಲ. ಭುಜ ಭುಜಕ್ಕೇ ಕೂತಿತ್ತು, ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ಅವಳ ಬಲಭುಜ ಎಡಕ್ಕಿಂತ ಒಂದಿಷ್ಟು ಇಳಿದಿದೆ. ಅದು ತನ್ನೊಬ್ಬಳಿಗೇ ಗೊತ್ತಿರುವ ಕುಂದು ಎಂದುಕೊಂಡು, ಬ್ಯಾಗನ್ನು ಸದಾ ಆ ಕಡೆಗೇ ಹಾಕಿ ಮುಚ್ಚಿಟ್ಟಿದ್ದಳು. ಗೌನಿನ ಬಲಭುಜವೂ ಅಷ್ಟೇ ಇಳಿದಿತ್ತು.

"ಅಮ್ಮಾ, ಇದು ನನ್ನ ಅಳತೆ."

ಅಮ್ಮ ಬಾಯಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಿನ್ನು ಚುಚ್ಚಿಡುವ ಮೆತ್ತೆಗೆ ಚುಚ್ಚಿದಳು.

"ಮಂಗಳವಾರ ನಿಮ್ಮಪ್ಪ ಫೋನ್ ಮಾಡಿದ್ರು. ನೀನು ಅಲ್ಲಿಗೆ ಹೋಗ್ತೀಯಂತೆ ಅಂದ್ರು. ಆಗ ಕತ್ತರಿ ಕೈಯಲ್ಲಿತ್ತು. ಫೋನ್ ಇಟ್ಟ ಮೇಲೆ ಕೈ ಓಡ್ತಾನೇ ಇತ್ತು. ಏನು ಕತ್ತರಿಸಿದೆ ಅಂತ ನನಗೆ ಗೊತ್ತಿಲ್ಲ."

ಹುಡುಗಿ ತೋಳಿನ ಹೊಲಿಗೆಯನ್ನು ಸವರಿ ನೋಡಿದಳು. ಟೇಪಿಲ್ಲದೆ, ಪುಟವಿಲ್ಲದೆ, ಕಣ್ಣು ಕೂಡ ಇಲ್ಲದೆ ಈ ಹೆಂಗಸಿನ ಕೈ ತನ್ನನ್ನು ಇಂಚಿಂಚೂ ಬಲ್ಲದು! ಇನ್ನೊಂದು ಮಾತು ಬರಲಿ ಎಂದು ಕಾದಳು. ಇರು ಎಂದರೆ ಸಾಕಿತ್ತು.

"ಹೋಗೋದಾದ್ರೆ ಹೋಗು," ಎಂದಳು ಅಮ್ಮ. "ನಾನು ಅಡ್ಡ ಬರಲ್ಲ."

ಶನಿವಾರ ಬಸ್ ಸ್ಟಾಪಿಗೆ ಹೋಗುವಾಗ ಹುಡುಗಿ ಫುಟ್‌ಪಾತ್ ಹತ್ತಿ ನಡೆದಳು. ಸ್ಟೇಷನರಿ ಅಂಗಡಿಯವರ ಹುಡುಗ ನಾಲ್ಕು ಹೆಜ್ಜೆ ಅವಳ ಭುಜದ ಪಕ್ಕದಲ್ಲಿ ಬಂದ. "ಕೆಳಗೆ ನಡಿಯೇ, ಎಲ್ಲರೂ ನೋಡ್ತಾರೆ," ಎಂದ ಮೆಲ್ಲಗೆ.

"ನೋಡ್ಲಿ," ಎಂದಳು.

ಅವನಿಗೆ ಏನೋ ಕೆಲಸ ನೆನಪಾಯಿತು. ಬಸ್ ಬರುವವರೆಗೂ ಅವಳು ಒಬ್ಬಳೇ ನೆಟ್ಟಗೆ ನಿಂತಿದ್ದಳು. ಧೈರ್ಯವೇನೂ ಬಂದಿರಲಿಲ್ಲ, ಅಳು ಬರುತ್ತಿತ್ತು. ಆದರೂ ಬಗ್ಗಲಿಲ್ಲ.

ಭಾನುವಾರ ಕ್ಯಾಂಟೀನಿನಲ್ಲಿ ಅಪ್ಪ ಹೊಸ ಮನೆಯ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಅವಳು ಕೂತ ಕೂಡಲೇ ಹೇಳಿಬಿಟ್ಟಳು. ತಡಮಾಡಿದರೆ ನಾಲಿಗೆ ಏಳುವುದಿಲ್ಲವೆಂದು ಗೊತ್ತಿತ್ತು.

"ಅಪ್ಪಾ, ನಾನು ಬರಲ್ಲ."

"ಅಮ್ಮ ಬೇಡ ಅಂದ್ಲಾ?"

"ಇಲ್ಲ. ಹೋಗು ಅಂದ್ಲು."

"ಮತ್ತೆ?"

ಒಂದು ಗೌನು ಕೆಟ್ಟಿತು ಎಂದು ಹೇಳಿದರೆ ಯಾವ ಅಪ್ಪನಿಗೆ ಅರ್ಥವಾದೀತು? ಅಪ್ಪ, ಇಡೀ ಬಸ್ಸನ್ನು ನಗಿಸುವ ಅಪ್ಪ, ಮಾತೇ ಆಡದೆ ಕರವಸ್ತ್ರ ತೆಗೆದು ಕಣ್ಣೊತ್ತಿಕೊಂಡ. ಟೀ ಇಬ್ಬರ ಮುಂದೂ ಕೆನೆಗಟ್ಟಿತು. ತನ್ನ ಜೊತೆ ಮಾತಾಡುವ ಒಬ್ಬನೇ ಮನುಷ್ಯನನ್ನು ತಾನೇ ಅಳಿಸಿದ ಸಂಕಟ ಹೊತ್ತು ಅವಳು ಮೂರು ಸ್ಟಾಪ್ ದೂರ ನಡೆದೇ ಬಂದಳು.

ಅಂಗಡಿಯ ಬಾಗಿಲು ಹಾಕಿತ್ತು. ಒಳಕೋಣೆಯಲ್ಲಿ, ಮಂಚದ ಮೇಲೆ ಒಂದು ದೊಡ್ಡ ಬ್ಯಾಗಿತ್ತು, ಪಕ್ಕದಲ್ಲಿ ಅಮ್ಮ ಕೂತಿದ್ದಳು. ಮಗಳ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿ, ಸಡಿಲವಾದ ಗುಂಡಿಗಳನ್ನೆಲ್ಲ ಬಿಗಿಯಾಗಿ ಹೊಲಿದು, ಅಚ್ಚುಕಟ್ಟಾಗಿ ತುಂಬಿಟ್ಟಿದ್ದಳು.

"ಅಪ್ಪ ಹೊರಗೆ ನಿಂತಿದ್ದಾರಾ? ಒಳಗೆ ಬರೋಕೆ ಹೇಳು. ಬ್ಯಾಗ್ ಭಾರ ಇದೆ, ನೀನು ಎತ್ತಬೇಡ."

"ಹೊರಗೆ ಯಾರೂ ಇಲ್ಲಮ್ಮ. ಬರಲ್ಲ ಅಂತ ಹೇಳಿ ಬಂದೆ."

ಅಮ್ಮ ಬ್ಯಾಗಿನ ಮೇಲೆ ಕೈಯಿಟ್ಟಳು. "ಅವರು ಏನಂದ್ರು?"

"ಅತ್ರು."

"ಅವರಿಗೂ ನಾನು ಹೋಗಬೇಡಿ ಅನ್ನಲಿಲ್ಲ ಕಣೇ," ಎಂದಳು ಅಮ್ಮ, ಬ್ಯಾಗಿನ ಜಿಪ್ಪನ್ನೇ ನೋಡುತ್ತಾ. "ಹೇಳದೇ ಇದ್ರೂ ಗೊತ್ತಾಗುತ್ತೆ ಅಂದ್ಕೊಂಡೆ."

"ನನಗೂ ಗೊತ್ತಾಗಿರಲಿಲ್ಲಮ್ಮ. ಆ ಗೌನು ಕೆಡದೇ ಇದ್ದಿದ್ರೆ ನಾನು ಇವತ್ತು ಹೋಗಿಬಿಡ್ತಿದ್ದೆ."

ಅಮ್ಮ ತಲೆಯೆತ್ತಿ ಮಗಳನ್ನು ನೋಡಿದಳು. ಮಗಳು ಕೈಬಿಟ್ಟು ಹೋಗುವುದು ಕೂದಲೆಳೆಯಲ್ಲಿ ತಪ್ಪಿತೆಂದು ಅವಳಿಗೆ ಆಗ ತಿಳಿಯಿತು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಇರೇ," ಎಂದಳು. "ನನ್ನ ಜೊತೆ ಇರೇ."

ಈ ಹದಿನಾರು ವರ್ಷಗಳಲ್ಲಿ ಅಮ್ಮ ಅವಳ ಹತ್ತಿರ ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು.