ಉಂಡ ಮೇಲೆ ಹೇಳುವ ಸುದ್ದಿ

ಮೊನ್ನೆ ಮಧ್ಯಾಹ್ನ ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ನನ್ನ ಹೆಂಡತಿಯ ತಮ್ಮ ಬಸು ಹಿಂದಿನ ಬಾಗಿಲಿನಿಂದ ಒಳಗೆ ಬಂದ. ಪುಣೆಯ ಹಿಂಜವಾಡಿಯಲ್ಲಿ ಕಂಪನಿಯ ಕ್ಯಾಬ್ ಓಡಿಸುವವನು. ಆ ಹೊತ್ತಿಗೆ ನಾವಿರುವ ನಿಗಡಿಯ ಕಡೆ ತಲೆ ಹಾಕುವ ಮನುಷ್ಯನಲ್ಲ. ಬಂದವನೇ ನನ್ನ ಕೈಯಿಂದ ಪಲ್ಯದ ಸೌಟು ತೆಗೆದುಕೊಂಡ.

"ಮಾಮಾ, ಮಂದಿಗೆ ನಾ ನೀಡ್ತೀನಿ. ನೀವು ಮೊದಲ ಉಂಡುಬಿಡ್ರಿ."

"ಈಗ್ಯಾಕೋ? ನಾ ಉಣ್ಣೂದು ಎಲ್ಲಾರದೂ ಆದಮ್ಯಾಲೆ."

"ಇವತ್ತೊಂದಿನ ಲಗೂನ ಉಣ್ರಿ," ಎಂದ. ನನ್ನ ಮುಖ ನೋಡಲಿಲ್ಲ.

ಶಾಂತಾ ಮಾತಿಲ್ಲದೆ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬಟ್ಟಲಲ್ಲಿ ಮೊಸರು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಮಾತಿಲ್ಲದೆ ತಾಟು ಇಟ್ಟದ್ದು ನನಗೆ ನೆನಪಿಲ್ಲ. ರೊಟ್ಟಿಯ ಹಬೆ ಮುಖಕ್ಕೆ ಬಡಿದಾಗ ತಿಳಿಯಿತು, ಊರಿನಿಂದ ಸುದ್ದಿ ಬಂದಿದೆ.

ನಿಮ್ಮ ಕಡೆ ಹೇಗೋ ಗೊತ್ತಿಲ್ಲ. ನಮ್ಮ ಬೆಳಗಾವಿ ಕಡೆಯ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಹಸಿದವನಿಗೆ ಹೇಳುವುದಿಲ್ಲ. ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವ ತನಕ ಅವನು ತುತ್ತು ಮುಟ್ಟುವುದಿಲ್ಲ. ಮುಂದೆ ಬಸ್ಸಿನ ದೂರದ ದಾರಿ, ಹೆಣದ ಮುಂದೆ ಕೂಡುವುದು, ಅಳುವುದು, ಇದಕ್ಕೆಲ್ಲ ಮೈಯಲ್ಲಿ ಕಸುವು ಬೇಕಲ್ಲ. ಅದಕ್ಕೇ ಮೊದಲು ಉಣ್ಣಿಸುತ್ತಾರೆ. ಊರ ಕಡೆ ನನ್ನವರೆಂದು ಉಳಿದವರು ಇಬ್ಬರು, ಬೈಲಹೊಂಗಲದಲ್ಲಿ ಅಕ್ಕ, ಗೋಕಾಕದಲ್ಲಿ ಅಣ್ಣ. ಇಬ್ಬರೂ ಹಾಸಿಗೆ ಹಿಡಿದಿದ್ದರು. ನನ್ನನ್ನು ಎತ್ತಿ ಬೆಳೆಸಿದವಳು ಅಕ್ಕ. ಶಾಲೆ ಬಿಟ್ಟ ದಿನ "ಇವನು ಮಂದಿ ಎಂಜಲ ಬಳೀತಾನ" ಎಂದವನು ಅಣ್ಣ.

ಆದರೆ ತಾಟಿನ ಮುಂದೆ ಕೂತಾಗ ನನ್ನ ಕಣ್ಣಿಗೆ ಕಟ್ಟಿದ್ದು ಇವರಿಬ್ಬರೂ ಅಲ್ಲ, ಇದ್ರಿಸ್.

ಅವನ ಕತೆಗೆ ಮೊದಲು ನನ್ನ ಡೌಲು ಸ್ವಲ್ಪ ಹೇಳಿಕೊಳ್ಳಬೇಕು. ಅಣ್ಣ ಹೇಳಿದ್ದು ಸುಳ್ಳಾಗಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಪುಣೆಗೆ ಬಂದು ಮಂದಿಯ ತಾಟು ತೊಳೆದೆ. ಆಮೇಲೆ ತಾಟುಗಳೇ ನನ್ನವಾದವು. ಓದಿದವರ ಮುಂದೆ ತೋರಿಸಲು ನನ್ನ ಹತ್ತಿರ ಇದ್ದ ಪದವಿ ಒಂದೇ: ನನ್ನ ಖಾನಾವಳಿ ಎಂದೂ ಮುಚ್ಚಿಲ್ಲ. ಬಂದ್ ಇದ್ದರೆ ಹಿಂದಿನ ಬಾಗಿಲು. ಊರೇ ಬಾಗಿಲು ಹಾಕಿಕೊಂಡ ರೋಗದ ದಿನಗಳಲ್ಲಿ ಮನೆಮನೆಗೆ ಊಟದ ಡಬ್ಬಿ. ಮಗಳ ಮದುವೆಯ ದಿನವೂ ಡಬ್ಬಿ ಕಳಿಸಿ ಆಮೇಲೆ ಅಕ್ಷತೆಗೆ ಹೋದೆ, ಶಾಂತಾ ಇವತ್ತಿಗೂ ಅದನ್ನು ಬೀಗರ ಮುಂದೆ ತೆಗೆಯುತ್ತಾಳೆ. ಉಣ್ಣಲು ಬಂದ ಹುಡುಗರಿಗೆಲ್ಲ ಈ ಮಾತನ್ನು ಬಡಿಸುತ್ತಿದ್ದೆ. ಪಲ್ಯ ಕಡಿಮೆ ಬಿದ್ದೀತು, ಇದು ಕಡಿಮೆ ಬೀಳುತ್ತಿರಲಿಲ್ಲ.

ಆ ಹುಡುಗರಲ್ಲಿ ಮೂವರು ಪರದೇಶದವರು, ಹತ್ತಿರದ ಕಾಲೇಜಿಗೆ ಓದಲು ಬಂದವರು. ಸುಡಾನಿನ ಇದ್ರಿಸ್, ತಾಂಜಾನಿಯಾದ ಹುಡುಗಿ ನೀಮಾ, ನೇಪಾಳದ ಬಿಕಾಶ್. ಬಿಕಾಶನಿಗೆ ನಮ್ಮ ಖಾರ ಸಾಲದು. ನೀಮಾ ಚಟ್ನಿಗೆ ಸಕ್ಕರೆ ಕೇಳುತ್ತಿದ್ದಳು, ಶಾಂತಾ ಅದನ್ನು ಕ್ಷಮಿಸಿರಲಿಲ್ಲ. ಇದ್ರಿಸ್ ನಮ್ಮ ಭಾಷೆಯ ಒಂದೇ ಮಾತು ಕಲಿತಿದ್ದ, "ಸಾಕ್ರಿ." ಉಳಿದ ಮಾತೆಲ್ಲ ಮುರುಕು ಹಿಂದಿಯಲ್ಲಿ ನಡೆಯುತ್ತಿತ್ತು. ಇಲ್ಲಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ನನ್ನ ಬಡಾಯಿ ಕೇಳಿ ಕೇಳಿ ಬೇಸತ್ತ ಇದ್ರಿಸ್ ಒಮ್ಮೆ ಕೇಳಿದ, "ಕಾಕಾ, ಯಾರರೆ ಸತ್ತ್ರ ಮುಚ್ತೀರೋ ಇಲ್ಲೋ?"

"ಸತ್ತ್ರ ಮುಚ್ಚಬೇಕಪಾ. ಅದೊಂದಕ್ಕ ಮಾತ್ರ," ಎಂದಿದ್ದೆ.

ಆಮೇಲೆ ಅವನ ದೇಶದಲ್ಲಿ ಯುದ್ಧ ಶುರುವಾಯಿತು. ಮನೆಯಲ್ಲಿ ತಾಯಿ ಮತ್ತು ತಮ್ಮ. ಫೋನು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಹುಡುಗ ಖಾನಾವಳಿಗೆ ಬರುವುದು ಬಿಟ್ಟ. ಚಹಾ ಬಿಸ್ಕೀಟಿನ ಮೇಲೆ ಕೋಣೆಯಲ್ಲಿ ಫೋನು ಹಿಡಿದು ಕೂತಿರುತ್ತಾನೆಂದು ಬಿಕಾಶ್ ಹೇಳುತ್ತಿದ್ದ. ಕಳಿಸಿದ ಡಬ್ಬಿ ಹಾಗೇ ತಿರುಗಿ ಬರುತ್ತಿತ್ತು. ಸಿಟ್ಟು ಬಂದಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ನನ್ನ ಡಬ್ಬಿ ತಿರುಗಿ ಬಂದ ಚರಿತ್ರೆ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾವು ಬದನೆಕಾಯಿ ಸೀಳುತ್ತಿದ್ದಾಗ ನೀಮಾ ಮತ್ತು ಬಿಕಾಶ್ ಹಿಂದಿನ ಬಾಗಿಲಲ್ಲಿ ಬಂದು ನಿಂತರು. ಇದ್ರಿಸನ ಮನೆಯ ಮೇಲೆ ಬಾಂಬು ಬಿದ್ದಿತ್ತು. ತಾಯಿ ತೀರಿಕೊಂಡಿದ್ದಳು. ತಮ್ಮ ಅತ್ತೆಯ ಮನೆಯಲ್ಲಿದ್ದದ್ದರಿಂದ ಉಳಿದಿದ್ದ. ಬೇರೆ ದೇಶದಲ್ಲಿದ್ದ ಸೋದರಮಾವ ಇದ್ರಿಸನಿಗೆ ಹೇಳುವ ಧೈರ್ಯ ಸಾಲದೆ ನೀಮಾಳಿಗೆ ಫೋನ್ ಮಾಡಿ, ಒಬ್ಬನೇ ಇದ್ದಾಗ ತಿಳಿಯುವುದು ಬೇಡ, ನೀವೆಲ್ಲ ಜೊತೆಗಿದ್ದು ಹೇಳಿ ಎಂದಿದ್ದನಂತೆ.

ನೀಮಾ ನನ್ನನ್ನು ನೋಡಿದಳು. ನಾನು ಶಾಂತಾಳನ್ನು ನೋಡಿದೆ.

"ಖಾಲಿ ಹೊಟ್ಟ್ಯಾಗ ಹೇಳಬ್ಯಾಡ್ರಿ," ಎಂದಳು ಶಾಂತಾ. "ಆ ಕೋಣ್ಯಾಗಂತೂ ಬ್ಯಾಡೇ ಬ್ಯಾಡ. ಎಲ್ಲೆರೆ ಬಯಲಿಗೆ ಕರಕೊಂಡು ಹೋಗ್ರಿ. ನಾಕ ಮಂದಿ ಕೂಡಿ ಕೂತ್ರ ಒಂದೀಟು ಉಂಡಾನು. ಆಮ್ಯಾಲೆ ಹೇಳ್ರಿ."

ಹಾಗೆ ಹೊರಟೆವು. ಶಾಂತಾ ಕಟ್ಟಿಕೊಟ್ಟ ಬುತ್ತಿಯನ್ನು ತರಕಾರಿ ತರುವ ನನ್ನ ಹಳೆಯ ವ್ಯಾನಿನಲ್ಲಿ ಇಟ್ಟು ಶಟರ್ ಎಳೆದೆ. ಬಿಕಾಶ್ ಇದ್ರಿಸನನ್ನು ಕೈಹಿಡಿದು ಕರೆತಂದ. ನಾನು ಬಹಳ ಹಗುರವಾಗಿ, ನಾಟಕದವನ ಹಾಗೆ, "ಇವತ್ತ ಸೂಟಿ. ಪವನಾ ಅಣೆಕಟ್ಟಿಗೆ ಹೋಗೂಣು," ಎಂದೆ. ಅವನು ಶಟರ್ ಕಡೆ ನೋಡಿದ. ನೋಡುತ್ತಲೇ ನಿಂತ. ಆಮೇಲೆ ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತ.

ದಾರಿಯುದ್ದಕ್ಕೂ ನಾವು ಮೂವರೂ ಸುಳ್ಳು ನಕ್ಕೆವು. ವ್ಯಾನಿನಲ್ಲಿ ಉಳ್ಳಾಗಡ್ಡಿಯ ವಾಸನೆ. ಇಳಿಯುವ ಹೊತ್ತಿಗೆ ನಾವೇ ಭಜಿ ಆಗಿರುತ್ತೇವೆ ಎಂದು ನೀಮಾ ಹೇಳಿದಳು. ಬಿಕಾಶ್ ಹಾಡಲು ಹೋಗಿ ಎರಡನೇ ಸಾಲು ಮರೆತ. ಆಶ್ಚರ್ಯವೆಂದರೆ ಇದ್ರಿಸ್ ಕೂಡ ನಕ್ಕ. "ಕಾಕಾ, ಗಾಡಿಗಿಂತ ಬಿಕಾಶನ ಸಪ್ಪಳನ ಜಾಸ್ತಿ," ಎಂದ. ಇವನಿಗೆ ಏನೂ ಗೊತ್ತಿಲ್ಲ ಎಂದುಕೊಂಡೆ. ಆ ನಗು ನೋಡಿ ಗಾಡಿ ತಿರುಗಿಸಿ ಮನೆಗೆ ಹೋಗಿಬಿಡೋಣ ಎನಿಸಿತು.

ನೀರಿನ ದಂಡೆಯಲ್ಲಿ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಇದ್ರಿಸ್ ಉಂಡ. ನಾವು ಮುರಿದ ರೊಟ್ಟಿ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದೆವು. ಅವನು ತಲೆ ತಗ್ಗಿಸಿ, ಹೊಲದಲ್ಲಿ ದುಡಿದು ಬಂದವನ ಹಾಗೆ ಉಂಡ. ಮತ್ತೆ ಚಟ್ನಿ ಕೇಳಿದ. ಅಂಥ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು ನೋಡಿ. ಕೊನೆಗೆ "ಸಾಕ್ರಿ" ಎಂದು ಎದ್ದು, ಕೆರೆಯಂತೆ ಹರಡಿದ್ದ ಆ ನೀರಲ್ಲಿ ಕೈ ತೊಳೆದು ಬಂದು ನನ್ನ ಎದುರಿಗೆ ಕೂತ.

"ಕಾಕಾ, ಈಗ ಹೇಳ್ರಿ. ಯಾರು?"

"ಯಾರಂದ್ರ?"

"ನೀವು ಶಟರ್ ಎಳದಿದ್ರಿ."

ಸತ್ತರೆ ಮಾತ್ರ ಮುಚ್ಚುತ್ತೇನೆ ಎಂದಿದ್ದೆನಲ್ಲ. ವರ್ಷಗಟ್ಟಲೆ ನಾನೇ ಬಡಿಸಿದ ಬಡಾಯಿ. ನೀಮಾ ಅಳುತ್ತಲೇ ಕೇಳಿದಳು, ಗೊತ್ತಿದ್ದೂ ಹೇಗೆ ಉಂಡೆ ಎಂದು.

"ನೀವು ಇಷ್ಟು ದೂರ ಕರಕೊಂಡು ಬಂದೀರಿ," ಎಂದ ಅವನು. "ನಾ ಉಣ್ಣದಿದ್ರ ನೀವು ಹೇಳೂದು ಹ್ಯಾಂಗ?" ಆಮೇಲೆ ನನ್ನತ್ತ ತಿರುಗಿ, "ಅಮ್ಮನೋ? ತಮ್ಮನೋ?"

"ಅಮ್ಮ," ಎಂದೆ. "ತಮ್ಮ ಆರಾಮದಾನ."

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಕಣ್ಣು ತುಸು ಬೆಳಗಿತು ಎಂದರೆ ನೀವು ನಂಬಲಿಕ್ಕಿಲ್ಲ. ಮರುಕ್ಷಣ, ಬೆಂಕಿ ತಾಗಿದವನಂತೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾವು ಅಳುತ್ತಿದ್ದಾನೆಂದು ತಿಳಿದು ಬೆನ್ನು ಸವರಿದೆವು. ಅವನ ದೇಶಕ್ಕೆ ಹೋಗುವ ವಿಮಾನಗಳು ನಿಂತಿದ್ದವು. ತಾಯಿಯ ಮಣ್ಣಿಗೆ ಹೋಗುವ ದಾರಿಯೇ ಇರಲಿಲ್ಲ. ಸೂರ್ಯನನ್ನು ನೋಡಿ ಪಶ್ಚಿಮ ಗುರುತಿಸಿಕೊಂಡು, ಕಲ್ಲುನೆಲದ ಮೇಲೆ ಒಬ್ಬನೇ ನಮಾಜು ಮಾಡಿದ. ಮುಂದೆ ಓದು ಮುಗಿಸಿ ಅವನು ತಮ್ಮನಿದ್ದಲ್ಲಿಗೆ ಹೋದ.

ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ನನ್ನ ಶಟರಿನ ಪೆದ್ದುತನದ ಕತೆಯೆಂದೇ. ಅವನು ಮುಖ ಮುಚ್ಚಿಕೊಂಡದ್ದನ್ನು ಹೇಳುತ್ತಿದ್ದೆ. ಅದರ ಹಿಂದೆ ಏನಿತ್ತೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ತಾಟಿನಲ್ಲಿದ್ದದ್ದನ್ನೆಲ್ಲ ಉಂಡೆ. ಬಸು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಮತ್ತೊಂದು ರೊಟ್ಟಿ ಹಾಕಿದ, ಅದನ್ನೂ ಉಂಡೆ. ನಾನು ಉಣ್ಣದಿದ್ದರೆ ಪಾಪ, ಅವನು ಹೇಳುವುದು ಹೇಗೆ. ಕೈ ತೊಳೆದು ಬಂದು ಕೂತೆ.

"ಈಗ ಹೇಳು ಬಸು. ಅಕ್ಕನೋ, ಅಣ್ಣನೋ?"

ಅವನು ಬೆಚ್ಚಿ ಶಾಂತಾಳನ್ನು ನೋಡಿದ. "ಅಣ್ಣಾವ್ರು, ಮಾಮಾ. ನಸುಕಿನ್ಯಾಗ ಹೋದ್ರು."

ಅಕ್ಕ ಇದ್ದಾಳೆ. ಮನಸ್ಸಿಗೆ ಮೊದಲು ಬಂದದ್ದು ಅದೊಂದೇ. ಒಂದೇ ಎದೆಹಾಲು ಕುಡಿದವನು ಸತ್ತಿದ್ದ, ನನ್ನ ಉಸಿರು ಹಗುರಾಗಿತ್ತು. ಹೆಗಲ ಮೇಲಿನ ಟವೆಲು ಎಳೆದು ಮುಖಕ್ಕೆ ಒತ್ತಿಕೊಂಡೆ. ಶಾಂತಾ ಬಂದು ಬೆನ್ನ ಮೇಲೆ ಕೈ ಇಟ್ಟು, "ಅಳ್ರಿ, ಅತ್ತುಬಿಡ್ರಿ," ಎಂದಳು. ಟವೆಲು ತೆಗೆಯಲು ಧೈರ್ಯವಾಗಲಿಲ್ಲ. ಹೊರಗೆ ಬಸು ಶಟರ್ ಎಳೆಯುತ್ತಿದ್ದ.