ಅಂದಾನಪ್ಪನವರ ವ್ಯಾಪಾರ ಚಲೋ ಐತಿ

ಗಜೇಂದ್ರಗಡದ ಪೇಟೆಯಲ್ಲಿ ಅಂದಾನಪ್ಪನವರ ಬಾಂಡೆ ಅಂಗಡಿಯ ಮುಂದೆ ನಿಂತು ವ್ಯಾಪಾರ ಹ್ಯಾಂಗೈತಿ ಎಂದು ಕೇಳಿದವರಿಗೆ ನಲವತ್ತು ವರ್ಷಗಳಿಂದ ಸಿಕ್ಕ ಉತ್ತರ ಒಂದೇ: "ಚಲೋ ಐತ್ರಿ, ಕಾಲಕಾಲೇಶ್ವರನ ದಯಾ." ಸ್ಟೀಲಿನ ದರ ಏರಿದಾಗಲೂ ಚಲೋ, ಇಳಿದಾಗಲೂ ಚಲೋ. ಪ್ಲಾಸ್ಟಿಕ್ ಕೊಡಗಳು ಬಂದು ಹಿತ್ತಾಳೆಯ ಕೊಡಗಳನ್ನು ಅಟ್ಟ ಹತ್ತಿಸಿದ ವರ್ಷವೂ ಚಲೋ. ಒಮ್ಮೆ ಬಿರುಗಾಳಿಗೆ ಅಂಗಡಿಯ ತಗಡು ಹಾರಿ, ಮಾರಾಟಕ್ಕಿಟ್ಟ ಪಾತ್ರೆಗಳೆಲ್ಲ ತಾವೇ ಮಳೆನೀರು ತುಂಬಿಕೊಂಡು ಕುಳಿತಿದ್ದವು. ಅವತ್ತು ಕೇಳಿದವರಿಗೆ ಭಾಳ ಚಲೋ ಎಂದಿದ್ದರಂತೆ.

ಇದನ್ನು ಸುಳ್ಳೆನ್ನುವವರಿಗೆ ವ್ಯಾಪಾರ ಗೊತ್ತಿಲ್ಲ. ಗಾದಿಯ ಮೇಲೆ ಕುಳಿತವನ ಬಾಯಲ್ಲಿ ಇಲ್ಲ ಎಂಬ ಮಾತು ಬರಬಾರದು. ಲಕ್ಷ್ಮಿ ಕೇಳಿಸಿಕೊಂಡರೆ ಕ್ಷಮಿಸಿಯಾಳು, ತಾಯಿ. ಉದ್ರಿ ಮಾಲು ಕಳಿಸುವ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ಕೇಳಿಸಿಕೊಂಡರೆ ಕ್ಷಮಿಸುವುದಿಲ್ಲ. ಪೇಟೆಯಲ್ಲಿ ಮನುಷ್ಯನಿಗೆ ಸಾಲ ಹುಟ್ಟುವುದು ಗಲ್ಲಾದಲ್ಲಿದ್ದ ರೊಕ್ಕ ನೋಡಿ ಅಲ್ಲ, ಮುಖದ ಮೇಲಿನ ಕಳೆ ನೋಡಿ. ಆ ಕಳೆಯನ್ನು ಅಂದಾನಪ್ಪನವರು ತಮ್ಮ ಹಿತ್ತಾಳೆಯ ಪರಾತಗಳಿಗಿಂತ ಹೆಚ್ಚು ಉಜ್ಜಿ ಇಟ್ಟುಕೊಂಡಿದ್ದರು.

ಅಂಗಡಿಯ ಮೂಲೆಯಲ್ಲಿ ಕಾಶೀಂಸಾಬ ಕುಳಿತಿರುತ್ತಿದ್ದ. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ ಪಾತ್ರೆಗಳ ಮೇಲೆ ಹೆಸರು ಹಾಕುವುದು. ಈ ಭಾಗದಲ್ಲಿ ಮದುವೆಗೆ ಆಯಾರ ಮಾಡುವವರು ಪಾತ್ರೆ ಕೊಟ್ಟರೆ ಸಾಲದು. ಯಾರು, ಯಾರಿಗೆ, ಯಾವ ಊರಿನಿಂದ ಕೊಟ್ಟರೆಂಬುದು ಅದರ ಕೊರಳಿನ ಮೇಲೆ ಇರಬೇಕು. ಇಲ್ಲವಾದರೆ ಕೊಟ್ಟ ಪುಣ್ಯ ಬೀಗರ ಅಡುಗೆಮನೆಯಲ್ಲಿ ಕರಗಿಹೋಗುತ್ತದೆ. ಕಾಶೀಂಸಾಬ ಮೊದಲು ಉಳಿ ಸುತ್ತಿಗೆಯಿಂದ, ಆಮೇಲೆ ಗುಂಯ್‌ಗುಡುವ ಕರೆಂಟಿನ ಪೆನ್ನಿನಿಂದ ಮೂರು ತಾಲ್ಲೂಕುಗಳ ಬೀಗತನವನ್ನೆಲ್ಲ ಬರೆದು ಮುಗಿಸಿದ್ದ. ಪಾತ್ರೆ ಕೊಂಡವರಿಗೆ ಹೆಸರು ಪುಕ್ಕಟೆ. ಅಂದಾನಪ್ಪನವರ ಅಂಗಡಿಗೆ ಗಿರಾಕಿ ಬರುತ್ತಿದ್ದದ್ದೇ ಈ ಪುಕ್ಕಟೆ ಅಕ್ಷರಗಳಿಗಾಗಿ ಎಂದು ಅವರ ಹೆಂಡತಿ ಕಲ್ಲವ್ವ ಹೇಳುತ್ತಿದ್ದಳು. ಅವರೂ ಒಪ್ಪುತ್ತಿದ್ದರು, ಮನಸ್ಸಿನಲ್ಲಿ.

ಕೊರೋನಾದ ಎರಡನೆಯ ವರ್ಷ ಮದುವೆಗೆ ಬರುವ ಜನರನ್ನು ಸರಕಾರ ಎಣಿಸತೊಡಗಿತು. ಕರೆ ಬಾರದವನು ಆಯಾರ ಮಾಡುವುದಿಲ್ಲ. ಆಯಾರವಿಲ್ಲದೆ ಬಾಂಡೆ ಮಾರಾಟವಾಗುವುದಿಲ್ಲ. ಬಾಂಡೆ ಮಾರದಿದ್ದರೆ ಹೆಸರು ಹಾಕುವವನಿಗೆ ಕೆಲಸವಿಲ್ಲ. ಅಂದಾನಪ್ಪನವರು ಎಂಟು ತಿಂಗಳು ಕೈಯಿಂದ ಪಗಾರ ಕೊಟ್ಟರು. ಒಂಬತ್ತನೆಯ ತಿಂಗಳು ಕಾಶೀಂಸಾಬನೇ ಬಂದು, ಗುಡ್ಡದ ಮೇಲಿನ ಗಾಳಿಯಂತ್ರಗಳ ಕಂಪನಿಯಲ್ಲಿ ವಾಚಮನ್ ಕೆಲಸ ಇದೆಯಂತೆ, ಬರುವ ಸೋಮವಾರದಿಂದ ಬಾ ಅಂದಿದ್ದಾರೆ ಎಂದ. ಅಂದಾನಪ್ಪನವರು ಚಲೋ ಆತು ಎಂದರು. ಅವತ್ತು ಮನೆಯಲ್ಲಿ ಊಟ ಸೇರಲಿಲ್ಲ.

ಅದೇ ವಾರ ಸರಕಾರದ ಯೋಜನೆಯೊಂದು ಪೇಟೆಗೆ ಬಂತು. ವ್ಯಾಪಾರ ಅರ್ಧಕ್ಕಿಂತ ಹೆಚ್ಚು ಬಿದ್ದಿರುವ ಸಣ್ಣ ಅಂಗಡಿಗಳು ಕೆಲಸಗಾರರನ್ನು ಬಿಡದೆ ಇಟ್ಟುಕೊಂಡರೆ ಆರು ತಿಂಗಳು ಅವರ ಪಗಾರವನ್ನು ಸರಕಾರವೇ ಕೊಡುವುದು. ರೋಣ, ನರಗುಂದ, ಗಜೇಂದ್ರಗಡ ಮೂರಕ್ಕೂ ಸೇರಿ ರೋಣದಲ್ಲಿ ಒಂದು ಕೌಂಟರು. ಮಾಲೀಕನು ಕೆಲಸಗಾರನನ್ನು ಕರೆದುಕೊಂಡು ಖುದ್ದಾಗಿ ಬಂದು, ನನ್ನ ವ್ಯಾಪಾರ ಬಿದ್ದಿದೆ ಎಂದು ಅಧಿಕಾರಿಯ ಎದುರು ಬಾಯಿಬಿಟ್ಟು ಹೇಳಿ ಸಹಿ ಮಾಡಬೇಕು. ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ಈ ಶರತ್ತನ್ನು ಬರೆದವರು ಯಾರೋ ಪುಣ್ಯಾತ್ಮರು, ಜನ್ಮದಲ್ಲಿ ಅಂಗಡಿಕಾರನ ಮುಖ ನೋಡಿದವರಲ್ಲ.

ಅಂದಾನಪ್ಪನವರು ನಾಲ್ಕು ದಿನ ವಿಚಾರ ಮಾಡಿದರು. ಐದನೆಯ ದಿನ, ಶುಕ್ರವಾರ, ಕಲ್ಲವ್ವ ಬುತ್ತಿ ಕಟ್ಟಿ ಕೈಗೆ ಕೊಟ್ಟು, ಕಾಶೀಂಸಾಬ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾನೆ ಎಂದಷ್ಟೇ ಹೇಳಿದಳು.

ರೋಣದ ಕಚೇರಿಯ ಅಂಗಳದಲ್ಲಿ ಒಂದು ಬೇವಿನ ಗಿಡ. ಹತ್ತೂವರೆಗೆ ಇವರು ಹೋದಾಗ ಅದರ ನೆರಳಿನಲ್ಲಿ ಆಗಲೇ ಹತ್ತು ಹನ್ನೆರಡು ವ್ಯಾಪಾರಸ್ಥರಿದ್ದರು. ನರಗುಂದದಲ್ಲಿ ಪುಸ್ತಕದ ಅಂಗಡಿಯಿಟ್ಟ ವೇದವ್ಯಾಸರು ಅಂದಾನಪ್ಪನವರನ್ನು ಕಂಡು ಎದ್ದು ನಿಂತರು.

"ಏನ್ರಿ, ಈ ಕಡೆ?"

"ಹೊಲದ ಪಹಣಿ ಉತಾರ ತಗಸೂದಿತ್ರಿ. ನೀವು?"

"ನಮ್ಮ ಮಾವನವರ ಪೆನ್ಶನ್ದು ಒಂದು ಕಾಗದ ಅದ. ವ್ಯಾಪಾರ ಹ್ಯಾಂಗದ?"

"ಚಲೋ ಐತ್ರಿ. ನಿಮ್ಮದು?"

"ಭರ್ಜರಿ ನಡದದ. ಕೈ ಪುರಸೊತ್ತಿಲ್ಲ."

ಶಾಲೆಗಳು ಮುಚ್ಚಿ ವರ್ಷವಾಗಿತ್ತು. ಪಾಠಪುಸ್ತಕ ಮಾರುವವನಿಗೆ ಕೈ ಪುರಸೊತ್ತಿಲ್ಲದಿರುವುದು ಹೇಗೆಂದು ಅಂದಾನಪ್ಪನವರು ಕೇಳಲಿಲ್ಲ. ಗೌರವಸ್ಥರು ಹಾಗೆ ಕೇಳುವುದಿಲ್ಲ. ಪೆಂಡಾಲ್ ಹಾಕುವ ಕಳಕೇಶ ಬಂದ. ಸುಮ್ಮನೆ ಹಾಯ್ದು ಹೋಗುತ್ತಿದ್ದೆ ಎಂದ. ಸವಡಿಯ ಚಹಾಪುಡಿ ವ್ಯಾಪಾರಿ ಬಂದ. ಯಾರಿಗೋ ದಾರಿ ತೋರಿಸಲು ಬಂದಿದ್ದನಂತೆ. ಮೆಣಸಗಿಯವನು, ರಾಜೂರಿನವನು, ಒಬ್ಬೊಬ್ಬರಾಗಿ ಬಂದು ಕುಳಿತು ನಲವತ್ತಾದರು. ಎಲ್ಲರ ವ್ಯಾಪಾರವೂ ಭರ್ಜರಿಯಾಗಿತ್ತು, ಎಲ್ಲರ ಬಗಲಲ್ಲಿಯೂ ಒಂದೇ ನಮೂನೆಯ ಪ್ಲಾಸ್ಟಿಕ್ ಚೀಲವಿತ್ತು, ಚೀಲದೊಳಗಿಂದ ಒಂದೇ ಗುಲಾಬಿ ಬಣ್ಣದ ಅರ್ಜಿ ಇಣುಕುತ್ತಿತ್ತು. ಎಲ್ಲರೂ ಮತ್ತೊಬ್ಬರ ಚೀಲ ಬಿಟ್ಟು ಗಿಡದ ಕಡೆ ನೋಡುತ್ತಿದ್ದರು. ಅವತ್ತು ಅಲ್ಲಿ ಖರೇ ವ್ಯಾಪಾರವಾದದ್ದು ಚಹಾ ಮಾರುವ ಗುಡ್ಡವ್ವನದು ಮಾತ್ರ.

ಕೌಂಟರಿನ ಗಾಜಿನ ಹಿಂದೆ ನಮ್ರತಾ ಎಂಬ ಹೊಸ ಅಧಿಕಾರಿ ಕುಳಿತಿದ್ದಳು. ಆಗಾಗ ಎದ್ದು ಬಂದು ಯಾರಾದರೂ ಇದ್ದಾರೇನು ಎಂದು ಕೇಳುವಳು. ನಲವತ್ತು ಜನ ಗಂಭೀರವಾಗಿ ಬೇವಿನ ಎಲೆ ಎಣಿಸುವರು. ಪ್ರತಿಯೊಬ್ಬರ ಲೆಕ್ಕವೂ ಒಂದೇ: ಉಳಿದವರು ಎದ್ದು ಹೋಗಲಿ, ಆಮೇಲೆ ಹೋದರಾಯಿತು. ಉಳಿದವರು ಹೋಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಒಬ್ಬರಿಗೊಬ್ಬರು ರೊಟ್ಟಿ ಶೇಂಗಾ ಹಿಂಡಿ ಹಂಚಿಕೊಂಡರು. ಉತಾರಕ್ಕೆಂದು, ಪೆನ್ಶನ್ನಿಗೆಂದು, ಹಾಯ್ದು ಹೋಗಲೆಂದು ಬಂದವರೆಲ್ಲ ಬುತ್ತಿ ಕಟ್ಟಿಕೊಂಡೇ ಬಂದಿದ್ದರು.

ಕೆಲಸಗಾರರು ದೂರ, ಕಂಪೌಂಡ್ ಗೋಡೆಯ ಬುಡದಲ್ಲಿ ಕುಳಿತಿದ್ದರು. ಅವರಿಗೆ ಕಾಯುವಂಥ ಕಳೆಯೇನೂ ಮುಖದ ಮೇಲಿರಲಿಲ್ಲ. ಹನ್ನೊಂದು ಗಂಟೆಗೆಲ್ಲ ಯಾರ ಮಾಲೀಕನ ಅಂಗಡಿ ಎಷ್ಟು ಬಿದ್ದಿದೆ, ಯಾರಿಗೆ ಎಷ್ಟು ತಿಂಗಳ ಪಗಾರ ಬರಬೇಕು ಎಂದೆಲ್ಲ ಹಂಚಿಕೊಂಡು ಮುಗಿಸಿದ್ದರು. ನಾಲ್ಕೂವರೆಗೆ ಕಾಶೀಂಸಾಬ ನೀರು ಕೊಡುವ ನೆವದಲ್ಲಿ ಅಂದಾನಪ್ಪನವರ ಹತ್ತಿರ ಬಂದು ಬಗ್ಗಿದ.

"ಸಾವಕಾರ್ರ, ಇಲ್ಲಿರೂ ಅಷ್ಟೂ ಮಂದಿ ಅದಕ್ಕ ಬಂದಾರ್ರಿ. ಒಬ್ಬರೂ ಬ್ಯಾರೆ ಕೆಲಸಕ್ಕ ಬಂದಿಲ್ಲ."

"ನಂಗ ಗೊತ್ತಿಲ್ಲೇನೋ?"

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಏನೂ ಆಗುವಂತಿರಲಿಲ್ಲ. ನಲವತ್ತು ಜನ ಹೇಳಿದರೆ ಅದು ಕಾಲದ ಮಾತು, ಮೊದಲು ಹೇಳಿದವನದು ಮಾತ್ರ ದಿವಾಳಿ. ಅವನ ಹೆಸರು ಸಂಜೆಯ ಬಸ್ಸಿಗಿಂತ ಮೊದಲು ಮೂರು ಪೇಟೆ ತಿರುಗಿ ಬರುತ್ತದೆ.

ಒಳಗೆ ಫೋನು ರಿಂಗಾಯಿತು. ಮೇಲಿನವರು ಎಷ್ಟು ಅರ್ಜಿ ಬಂದವೆಂದು ಕೇಳುತ್ತಿದ್ದರೆಂದು ಕಾಣುತ್ತದೆ. ನಮ್ರತಾಳ ಮಾತು ಅಂಗಳಕ್ಕೂ ಕೇಳಿಸಿತು: "ಒಂದೂ ಇಲ್ರಿ ಸರ್. ಈ ಕಡೆ ಎಲ್ಲಾರದೂ ವ್ಯಾಪಾರ ಚಲೋ ಅದ ಅಂತ ಕಾಣಸ್ತದ."

ಗಿಡದ ಕೆಳಗೆ ಬೇವಿನ ಎಲೆಗಳ ಎಣಿಕೆ ಮುಂದುವರಿಯಿತು. ಕಾಶೀಂಸಾಬ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಹೇಳಿದ: "ಇರ್ಲಿ ಬಿಡ್ರಿ ಸಾವಕಾರ್ರ. ಸೋಮಾರ ಗುಡ್ಡಕ್ಕ ಹೋಗ್ತೀನಿ. ಅಲ್ಲೇನ, ಗಾಳಿ ಕಾಯೂದು. ಹೆಂಗೂ ನನ್ನ ಕೈ ನಡಗಾಕತ್ತಿತ್ತು, ನಿಮಗ ಹೇಳಿದ್ದಿಲ್ಲ."

ಅವನ ಕೈ ನಡುಗುತ್ತಿರಲಿಲ್ಲ. ಅಂದಾನಪ್ಪನವರು ಆ ಕೈಯನ್ನು ನೋಡಿದರು. ಇಪ್ಪತ್ತಾರು ವರ್ಷ ತಮ್ಮ ಅಂಗಡಿಯಲ್ಲಿದ್ದು ಇವನೂ ಸುಳ್ಳನ್ನು ಇಷ್ಟು ಚಂದ ಹೇಳಲು ಕಲಿತನಲ್ಲ ಎನಿಸಿತು. ಎದ್ದರು. ಧೋತರ ಝಾಡಿಸಿಕೊಂಡರು. ನಲವತ್ತು ಕಣ್ಣಿನ ಜೋಡಿಗಳು ಬೇವಿನ ಎಲೆ ಬಿಟ್ಟು ಅವರ ಬೆನ್ನಿಗೆ ಬಂದು ಕುಳಿತವು.

ಗಾಜಿನ ಮುಂದೆ ನಿಂತು, ಮಾಸ್ಕಿನೊಳಗೇ, ತಮ್ಮ ಕಿವಿಗೂ ಕೇಳದಂತೆ ಹೇಳಿದರು.

"ಜೋರ್ ಹೇಳ್ರಿ ಕಾಕಾ," ಎಂದಳು ನಮ್ರತಾ. "ಗಾಜಿನಾಗಿಂದ ಕೇಳಸವಲ್ದು."

ಮತ್ತೊಮ್ಮೆ ಹೇಳಿದರು. ಅವಳು ಕಿವಿಗೆ ಕೈ ಹಚ್ಚಿದಳು. ಅಂದಾನಪ್ಪನವರು ಮಾಸ್ಕ್ ಕೆಳಗೆಳೆದು, ಜೀವಮಾನದಲ್ಲಿ ಮೊದಲ ಸಲ, ರೋಣದ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ನನ್ನ ವ್ಯಾಪಾರ ಬಿದ್ದೈತ್ರಿ. ಪೂರಾ ಬಿದ್ದೈತಿ."

ಆಮೇಲೆ ಆದದ್ದನ್ನು ಗುಡ್ಡವ್ವ ಇನ್ನೂ ಗಿರಾಕಿಗಳಿಗೆ ಹೇಳುತ್ತಾಳೆ. ಬೇವಿನ ಗಿಡದ ಕೆಳಗೆ ಕ್ಷಣದಲ್ಲಿ ಒಬ್ಬನೂ ಇರಲಿಲ್ಲ. ಮಾವನ ಪೆನ್ಶನ್ನು ಎರಡನೆಯ ನಂಬರಿಗೆ ಬಂದು ನಿಂತಿತ್ತು. ವೇದವ್ಯಾಸರು ಹಿಂದಿನವನಿಗೆ ತಿರುಗಿ ಹೇಳುತ್ತಿದ್ದರು: "ಅಂದಾನಪ್ಪನವರಂಥಾವರದ ಬಿದ್ದದಂದ ಮ್ಯಾಲೆ, ನಾವು ಅರ್ಜಿ ಹಾಕಲಿಲ್ಲಂದ್ರ ಅವರಿಗೆ ಅಪಮಾನ ಮಾಡಿಧಂಗ ಆಗ್ತದ." ನಮ್ರತಾ ಐದಕ್ಕೆ ಮುಚ್ಚಬೇಕಾದ ಕೌಂಟರನ್ನು ಏಳರ ತನಕ ತೆರೆದಿಟ್ಟಳು.

ಬಸ್ಸು ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಕಲ್ಲವ್ವ ಕಾಲಿಗೆ ನೀರು ಕೊಡುತ್ತ ಉತಾರ ಸಿಕ್ಕಿತೇ ಎಂದು ಕೇಳಿದಳು. ಮರುದಿನ ಹುಬ್ಬಳ್ಳಿಯ ವ್ಯಾಪಾರಿಯ ಫೋನು ಬಂತು. ಬಹಳ ಮರ್ಯಾದೆಯಿಂದ ಮಾತನಾಡಿದ. ಆರೋಗ್ಯ ವಿಚಾರಿಸಿದ, ಮನೆಯವರ ಆರೋಗ್ಯ ವಿಚಾರಿಸಿದ, ಇನ್ನು ಮುಂದೆ ರೊಕ್ಕ ಮೊದಲು ಮಾಲು ಆಮೇಲೆ ಎಂದ. ಸರಕಾರ ಒಂದು ಕೈಯಿಂದ ಕೊಟ್ಟದ್ದನ್ನು ಪೇಟೆ ಇನ್ನೊಂದು ಕೈಯಿಂದ ಕಸಿದುಕೊಂಡಿತು. ಅಂದಾನಪ್ಪನವರ ಅಂಗಡಿಯಲ್ಲಿ ಈಗ ಪಗಾರ ಬರುವ ಕೆಲಸಗಾರನಿದ್ದ, ಹೆಸರು ಹಾಕಲು ಹೊಸ ಪಾತ್ರೆ ಇರಲಿಲ್ಲ.

ಕಾಶೀಂಸಾಬ ಎರಡು ವಾರ ಇದ್ದ ಪಾತ್ರೆಗಳ ಧೂಳು ಒರೆಸಿದ. ಮೂರನೆಯ ವಾರ ಕುರುಬರ ಓಣಿಯ ಒಬ್ಬಾಕೆ ಒಂದು ಚೀಲ ತುಂಬ ಹಳೆಯ ಬಾಂಡೆ ತಂದು ಸುರುವಿದಳು. ಗೋವಾದಲ್ಲಿ ಗಾರೆ ಕೆಲಸಕ್ಕಿದ್ದ ಮೈದುನ ಕೆಲಸ ಹೋಗಿ ಸಂಸಾರ ಸಮೇತ ಊರಿಗೆ ಬಂದಿದ್ದ. ಒಂದೇ ಒಲೆ, ಎರಡು ಮನೆಯ ಬಾಂಡೆ. ಮೈದುನನ ಹೆಂಡತಿ, ಆ ನೆಗೆಣ್ಣಿ, ನನ್ನ ಗಂಗಾಳವನ್ನೆಲ್ಲ ತನ್ನದೆನ್ನುತ್ತಾಳೆ, ಲಗೂನ ಹೆಸರು ಹಾಕಿಕೊಡು ಎಂದಳು. ಹಾಕಿಕೊಟ್ಟ. ಮರುದಿನ ನೆಗೆಣ್ಣಿಯೂ ಬಂದಳು, ಇನ್ನೂ ದೊಡ್ಡ ಚೀಲ. ವಾರದೊಳಗೆ ತಿಳಿಯಿತು: ಗೋವಾ, ಪುಣೆ, ಮಂಗಳೂರಿನಿಂದ ಕೆಲಸ ಬಿಟ್ಟು ಬಂದವರ ಮನೆಗಳಲ್ಲೆಲ್ಲ ಬಾಂಡೆಗಳು ಕಲೆತುಹೋಗಿದ್ದವು. ಬೀಗತನ ನಿಂತ ಕಾಲದಲ್ಲಿ ನೆಗೆಣ್ಣಿಯರ ಜಗಳ ಭರ್ಜರಿಯಾಗಿ ನಡೆದಿತ್ತು. ಅಂದಾನಪ್ಪನವರು ಇಷ್ಟು ವರ್ಷ ಪುಕ್ಕಟೆ ಹಂಚಿದ ಅಕ್ಷರಕ್ಕೆ ಎರಡು ರೂಪಾಯಿ ದರ ಕಟ್ಟಿದರು. ಜನ ಗೊಣಗಲಿಲ್ಲ. ಹೆಸರಿನ ಜೊತೆ ಗಂಡನ ಮನೆತನದ ಹೆಸರು ಹಾಕಿಸುವುದನ್ನು ಮಾತ್ರ ಬಿಟ್ಟರು. ಅದು ಎರಡೂ ಕಡೆ ಒಂದೇ ಆಗಿದ್ದರಿಂದ ಉಪಯೋಗವೂ ಇರಲಿಲ್ಲ.

ಎರಡನೆಯ ತಿಂಗಳು ನಮ್ರತಾ ತಪಾಸಣೆಗೆ ಬಂದಳು. ಕಾಶೀಂಸಾಬ ಪಾತ್ರೆಗಳ ಗುಡ್ಡೆಯ ನಡುವೆ ತಲೆಯಷ್ಟೇ ಕಾಣುವಂತೆ ಕುಳಿತು ಪೆನ್ನು ಗುಂಯ್‌ಗುಡಿಸುತ್ತಿದ್ದ. ಅವಳು ಹುಬ್ಬು ಏರಿಸಿ ಈ ತಿಂಗಳು ಎಷ್ಟು ಪಾತ್ರೆ ಮಾರಿದಿರಿ ಎಂದಳು. ಒಂದೂ ಇಲ್ಲ ಎಂದರು ಅಂದಾನಪ್ಪನವರು, ಖರೇ ಮಾತು. ಇವೆಲ್ಲ ಮಂದಿಯ ಬಾಂಡೆ, ಅಕ್ಷರಕ್ಕೆ ಎರಡು ರೂಪಾಯಿ ಎಂದು ಅದನ್ನೂ ಹೇಳಿದರು. ಅವಳು ನಮೂನೆಯನ್ನು ಮೇಲಿಂದ ಕೆಳಗೆ ಹುಡುಕಿದಳು. ಅಕ್ಷರ ಮಾರುವವರಿಗೆ ಅದರಲ್ಲಿ ಕಾಲಂ ಇರಲಿಲ್ಲ. ಕೆಲಸಗಾರ ಹಾಜರು ಎಂದು ಬರೆದಳು. ಮಾರಾಟದ ಮುಂದೆ ಸೊನ್ನೆ ಸುತ್ತಲು ಪೆನ್ನು ಊರಿದಳು.

ಅಂದಾನಪ್ಪನವರು ಗಾದಿಯಿಂದ ಅರ್ಧ ಎದ್ದರು.

"ತಂಗಿ, ಸೊನ್ನಿ ಬ್ಯಾಡವಾ. ಲಕ್ಷ್ಮಿ ಫೋಟೋದ ಕೆಳಗ ಕುಂತು ಸೊನ್ನಿ ಬರೀಬಾರ್ದು. ಒಂದ್ ಬರಿ."

"ಮಾರಿಲ್ಲಂದ್ರ ಹ್ಯಾಂಗ ಬರೀಲ್ರಿ ಕಾಕಾ? ಸುಳ್ಳ ಆಗ್ತದಲ್ಲ."

ಅವರು ಹಿಂದಿನ ಕಪಾಟಿನಿಂದ ಸ್ಟೀಲಿನ ಒಂದು ವಾಟಗಾ ಬಟ್ಟಲು ತೆಗೆದು, ಧೋತರದ ಚುಂಗಿನಿಂದ ಒರೆಸಿ, ಅವಳ ಮುಂದಿಟ್ಟು ತೊಂಬತ್ತು ರೂಪಾಯಿ ಎಂದರು. ಅವಳು ನಗು ತಡೆದು, ಸರಕಾರಿ ನೌಕರರಿಗೆ ಕಡಿಮೆ ಇಲ್ಲವೇ ಎಂದಳು. ಕಡಿಮೆ ಮಾಡಿದರೆ ಅದು ಲಂಚವಾಗುತ್ತದೆ, ನಿನ್ನ ನೌಕರಿಗೆ ಕುತ್ತು ಎಂದು ಅಂದಾನಪ್ಪನವರು ಬಹಳ ಕಾಳಜಿಯಿಂದ ಹೇಳಿದರು. ಅವಳು ರೊಕ್ಕ ಎಣಿಸಿಕೊಟ್ಟು ಬಿಲ್ಲು ಕೇಳಿ ಇಸಿದುಕೊಂಡಳು. ಮಾರಾಟದ ಮುಂದೆ ಒಂದು ಎಂದು ಬರೆದಳು.

ಮೂಲೆಯಿಂದ ಕಾಶೀಂಸಾಬ ಕೈ ಚಾಚಿದ.

"ಕೊಡ್ರಿ ಮೇಡಂ. ಕೊಂಡವರಿಗೆ ಹೆಸರು ಪುಕ್ಕಟ."